ಎದುರುಮನೆಯ ದೊರೆಯ ಹತ್ತೊಂಬತ್ತು ಸಾಲು

ಕಳೆದ ವಾರ ಶುಗರ್ ಟೆಸ್ಟಿಗೆಂದು ಇಲ್ಲಿ ಬಹ್ರೇನಿನ ಮಾಹೂಝಿನ ಕ್ಲಿನಿಕ್ಕಿನಲ್ಲಿ ಕೈ ಚಾಚಿ ಕೂತಿದ್ದೆ. ನರ್ಸ್ ಹತ್ತಿಯುಂಡೆಗೆ ಸ್ಪಿರಿಟ್ ಸುರಿದು ಮೊಣಕೈಯ ಒಳಬದಿಗೆ ಉಜ್ಜಿದಳು. ಆ ವಾಸನೆಗೆ ಎಲ್ಲರಿಗೂ ಸೂಜಿ ನೆನಪಾಗುತ್ತದೆ. ನನಗೆ ನೆನಪಾದದ್ದು ಗಡ್ಡ. ಅಂಟು ಹಾಕಿ ಮೆತ್ತಿಕೊಂಡ ಬಿಳಿ ಗಡ್ಡವನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಇಷ್ಟಿಷ್ಟೇ ಬಿಡಿಸುತ್ತಾ, ಕನ್ನಡಿಯೊಳಗಿಂದ ನನ್ನನ್ನೇ ನೋಡುತ್ತಿದ್ದ ಎದುರುಮನೆಯ ದೊರೆ. ನರ್ಸ್ ಏಳಿ ಎಂದದ್ದು ನನಗೆ ಎರಡನೇ ಸಲಕ್ಕೆ ಕೇಳಿಸಿತು.

ದೊರೆ ಎಂದರೆ ಇಂಗ್ಲೆಂಡಿನವರು. ಮುಲ್ಕಿಯಲ್ಲಿ ನನ್ನ ಅಮ್ಮ ಬಿಳಿಯರನ್ನೆಲ್ಲ ದೊರೆಗಳು ಎನ್ನುತ್ತಿದ್ದಳು. ಅದೇ ಅಭ್ಯಾಸ ಇಲ್ಲಿಗೂ ಬಂತು. ಮನೆಯೊಳಗೆ ದೊರೆ, ಎದುರಿಗೆ ಸಿಕ್ಕಿದರೆ ಸರ್. ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಎರಡೇ ಮನೆ, ಬಾಗಿಲಿಗೆ ಬಾಗಿಲು. ಅವರ ಹೆಂಡತಿ ಟೀಚರಾಗಿದ್ದರಂತೆ. ನಾವು ಬರುವ ಹೊತ್ತಿಗೆ ಆಕೆ ತೀರಿಕೊಂಡಿದ್ದರು. ಇವರು ಬುಸೈತೀನಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದರು. ಮೆಟ್ಟಿಲು ಹತ್ತುವಾಗ ತಮ್ಮಷ್ಟಕ್ಕೆ ತಾವೇ ಗಟ್ಟಿಯಾಗಿ ಮಾತಾಡಿಕೊಳ್ಳುತ್ತಿದ್ದರು. ಸಣ್ಣವಳಿದ್ದ ನನ್ನ ಮಗಳು ಹೆದರಿ ಒಳಗೆ ಓಡುತ್ತಿದ್ದಳು. ನಾನೂ ಸ್ವಲ್ಪ ಸಮಯ ಇವರಿಗೆ ತಲೆ ಸರಿ ಇಲ್ಲವೆಂದೇ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅದು ಮಾತಲ್ಲ, ಪಾಠ. ಯಾವತ್ತೋ ಮಾಡಿದ ಪಾತ್ರಗಳ ಮಾತನ್ನು ಮರೆಯಬಾರದೆಂದು ದಿನಾ ಹೇಳಿಕೊಳ್ಳುತ್ತಿದ್ದರು.

ಅವರ ಕಥೆಯನ್ನು ಒಂದೇ ದಿನ ಕೇಳಿದ್ದಲ್ಲ. ಶನಿವಾರ ಬೆಳಿಗ್ಗೆ ನಾನು ನೀರುದೋಸೆ ಹೊಯ್ದರೆ ನಾಲ್ಕು ಅವರಿಗೂ ಕೊಡುತ್ತಿದ್ದೆ. ಅವರು ಅದಕ್ಕೆ ಜಾಮ್ ಹಚ್ಚಿ ತಿನ್ನುತ್ತಿದ್ದರು. ನನ್ನ ಗಂಡನಿಗೆ ಆ ದೃಶ್ಯ ನೋಡಲಾಗುತ್ತಿರಲಿಲ್ಲ, ಪೇಪರ್ ಅಡ್ಡ ಹಿಡಿಯುತ್ತಿದ್ದರು. ಹಾಗೆ ತಿನ್ನುತ್ತಾ ತಿನ್ನುತ್ತಾ ಹೇಳಿದ್ದು. ಹತ್ತೊಂಬತ್ತನೇ ವಯಸ್ಸಿಗೆ ಸಮುದ್ರದ ಬದಿಯ ಯಾವುದೋ ಊರಿನ ನಾಟಕ ಕಂಪೆನಿಗೆ ಸೇರಿದರಂತೆ. ಎರಡು ವರ್ಷ ಈಟಿ ಹಿಡಿದು ನಿಲ್ಲುವುದೇ ಕೆಲಸ, ಒಂದು ಮಾತೂ ಇಲ್ಲ. ಸಂಜೆ ಒಂದು ನಾಟಕ ಆಡುವುದು, ಮರುದಿನ ಬೆಳಿಗ್ಗೆ ಮುಂದಿನ ವಾರದ ನಾಟಕ ಕಲಿಯುವುದು. ಆಮೇಲೆ ದೂತನ ಪಾತ್ರಗಳು. ಓಡಿ ಬಂದು ಯಾರೋ ಸತ್ತರು ಎಂದು ಹೇಳಿ ಹೋಗುವವನು. ಮೂವತ್ತು ವರ್ಷದಲ್ಲಿ ತಾನು ಹೇಳಿದಷ್ಟು ಸಾವಿನ ಸುದ್ದಿ ಯಾವ ಡಾಕ್ಟರೂ ಹೇಳಿರಲಿಕ್ಕಿಲ್ಲ ಎಂದು ನಗುತ್ತಿದ್ದರು. ದೊಡ್ಡ ಪಾತ್ರಗಳನ್ನೂ ಬಾಯಿಪಾಠ ಮಾಡಬೇಕಿತ್ತು, ದೊಡ್ಡ ನಟರಿಗೆ ಜ್ವರ ಬಂದರೆ ಇರಲಿ ಎಂದು. ಅವರಿಗೋ ಜ್ವರವೇ ಬರುತ್ತಿರಲಿಲ್ಲ.

ಒಮ್ಮೆ ಬಂತು. ಒಂದು ಹಳೆಯ ಪದ್ಯನಾಟಕದಲ್ಲಿ ಮುದಿ ಸೇನಾಪತಿಯ ಪಾತ್ರ. ಕೊನೆಗೆ ಅವನು ಕತ್ತಿ ಕೆಳಗಿಟ್ಟು ಸೈನಿಕರನ್ನು ಬೀಳ್ಕೊಡುವ ಒಂದು ಉದ್ದದ ಮಾತು. ಆ ಮಾತಿನ ಮಧ್ಯದಲ್ಲಿ ದೊರೆಗೆ ಎಲ್ಲ ಮರೆತುಹೋಯಿತಂತೆ. ಮರೆಯಲ್ಲಿ ಪುಸ್ತಕ ಹಿಡಿದು ಕೂತಿದ್ದವಳು ಗಾಬರಿಯಲ್ಲಿ ತಪ್ಪು ಸಾಲು ಹೇಳಿಕೊಟ್ಟಳು. ಇವರು ಅದನ್ನೇ ಹೇಳಿದರು. ಎರಡನೇ ಸಲವೂ ಹಾಗೇ ಆಯಿತು. ಜನ ನಕ್ಕರು. ಆಮೇಲೆ ಯಾರೂ ಅವರಿಗೆ ದೊಡ್ಡ ಪಾತ್ರ ಕೊಡಲಿಲ್ಲ... ಕೇಳುವ ಧೈರ್ಯ ಅವರಿಗೂ ಇರಲಿಲ್ಲ. ಮುಂದೆ ಗಲ್ಫಿನ ಹೋಟೆಲುಗಳಲ್ಲಿ ಊಟದ ಹೊತ್ತಿಗೆ ನಾಟಕ ಆಡುವ ತಂಡವೊಂದರ ಜೊತೆ ಇಲ್ಲಿಗೆ ಬಂದರು. ಪ್ಲೇಟಿನ ಸದ್ದಿನ ನಡುವೆ ಆಡುತ್ತಿದ್ದರಂತೆ. ಇಲ್ಲೇ ಹೆಂಡತಿ ಸಿಕ್ಕಿದರು, ಇವರು ಇಲ್ಲೇ ಉಳಿದರು.

ಶಾಲೆಯಿಂದ ನಿವೃತ್ತಿಯಾಯಿತು. ಕೆಲಸ ಹೋದ ಮೇಲೆ ವೀಸಾ ಹೋಗುವುದು ಎಷ್ಟು ಹೊತ್ತು? ಊರಿಗೆ ಹೋಗುವ ಮೊದಲು ಒಂದು ಶುಕ್ರವಾರ ಶಾಲೆಯ ಹಾಲಿನಲ್ಲಿ ಒಂದು ಗಂಟೆಯ ಪ್ರದರ್ಶನ ಕೊಡುತ್ತೇನೆ ಎಂದು ಅವರು ಹೇಳಿದರು. ಒಬ್ಬರೇ ನಿಂತು ಮಾಡುವುದು. ಈಟಿಯವನಿಂದ ಶುರು, ದೂತರು, ಸಣ್ಣಪುಟ್ಟ ಪಾತ್ರಗಳು, ಕೊನೆಗೆ ಆ ಸೇನಾಪತಿಯ ಮಾತು. ಅದೊಂದನ್ನು ಸಾಯುವುದರೊಳಗೆ ಒಮ್ಮೆ ಕೊನೆಯತನಕ ಹೇಳಿ ಮುಗಿಸಬೇಕು, ಒಂದು ಶಬ್ದ ಬಿಡದೆ. ಅಷ್ಟೇ ಅವರ ಆಸೆ. ಅದಕ್ಕೆ ಪುಸ್ತಕ ಹಿಡಿದು ಕೂರಲು ನಾನು ಬರಬೇಕಂತೆ.

ನಾನಾ? ನನಗೆ ನಗು ಬಂತು. ಹಿದ್‌ನ ಶಿಪ್ಪಿಂಗ್ ಆಫೀಸಿನಲ್ಲಿ ಕಂಟೇನರುಗಳ ಕಾಗದ ನೋಡುವವಳು ನಾನು, ನನಗೂ ಇಂಗ್ಲಿಷ್ ಪದ್ಯಕ್ಕೂ ಏನು ಸಂಬಂಧ? ಆದರೆ ಅವರು ನನ್ನ ಕೆಲಸವನ್ನು ಕೇಳಿಸಿಕೊಂಡಿದ್ದರು. ಕೊರೊನಾ ಕಾಲದಲ್ಲಿ ಬಾಗಿಲು ತೆರೆದಿಟ್ಟು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಒಬ್ಬರು ಫೋನಿನಲ್ಲಿ ಓದುವುದು, ಇನ್ನೊಬ್ಬರು ಸಾಲಿನ ಕೆಳಗೆ ಸ್ಕೇಲ್ ಇಟ್ಟು ನೋಡುವುದು. ಒಂದು ಅಕ್ಷರ ತಪ್ಪಿದರೂ ಸರಕು ಬಂದರಿನಲ್ಲೇ ಕೊಳೆಯುತ್ತದೆ. ಈ ದೇಶದಲ್ಲಿ ಇಷ್ಟು ಸರಿಯಾಗಿ ಓದುವವರನ್ನು ತಾನು ಬೇರೆ ನೋಡಿಲ್ಲ ಎಂದರು. ಹೊಗಳಿಕೆಗೆ ನಾನು ಉಬ್ಬುವವಳೇ. ಒಪ್ಪಿಕೊಂಡೆ. ಆಫೀಸಿನಿಂದ ಬಂದು ಅಕ್ಕಿ ತೊಳೆದಿಟ್ಟು ಎದುರುಮನೆಗೆ ಹೋಗಿ ಕೂರುತ್ತಿದ್ದೆ. ನನ್ನ ಗಂಡ ಮಾತ್ರ, "ನಿಂಗೆ ಎಂತ ಹುಚ್ಚು ಮಾರಾಯ್ತಿ, ಕಾಲುನೋವು ಅಂತಿದ್ದವಳು" ಎಂದರು.

ಮೊದಲ ದಿನವೇ ಎಡವಟ್ಟಾಯಿತು. ನನ್ನ ಸೋದರಮಾವ ಊರಿನಲ್ಲಿ ತುಳು ನಾಟಕಗಳಿಗೆ ಪ್ರಾಂಪ್ಟರ್. ಸೈಡ್‌ವಿಂಗಿನಲ್ಲಿ ಕೂತು ಇಡೀ ನಾಟಕವನ್ನು ಓದುತ್ತಲೇ ಇರುತ್ತಿದ್ದರು. ನಟರು ಅವರ ಹಿಂದಿನಿಂದ ಹೇಳುತ್ತಾ ಹೋಗುವುದು. ಮುಂದಿನ ಸಾಲಿನಲ್ಲಿ ಕೂತವರಿಗೆ ಪ್ರತಿ ಮಾತೂ ಎರಡೆರಡು ಸಲ. ನಾನು ಕಂಡದ್ದು ಅದೇ, ಮಾಡಿದ್ದೂ ಅದೇ. ದೊರೆ ಬಾಯಿ ತೆರೆಯುವ ಮೊದಲೇ ನಾನು ಓದತೊಡಗಿದೆ. ಅವರು ಭೂತ ಕಂಡವರ ಹಾಗೆ ನನ್ನನ್ನು ನೋಡಿದರು. ತಮ್ಮಲ್ಲಿ ಪುಸ್ತಕ ಹಿಡಿದವರಿಗೆ ಬಾಯಿ ಮುಚ್ಚಿ ಕೂರುವುದೇ ಕೆಲಸ ಎಂದು ವಿವರಿಸಿದರು. ಸರಿ, ಮುಚ್ಚಿದೆ.

ಎರಡು ವಾರ ಚೆನ್ನಾಗಿ ನಡೆಯಿತು. ಸೇನಾಪತಿಯ ಮಾತಿಗೆ ಬಂದಾಗ ಮತ್ತೆ ಜಗಳ. ಅದರ ನಡುವೆ ಅವನು ಕತ್ತಿ ಕೆಳಗಿಟ್ಟು ಸುಮ್ಮನೆ ನಿಲ್ಲುತ್ತಾನೆ. ಐದು ಎಣಿಸುವಷ್ಟು ಹೊತ್ತು. ನಮ್ಮ ನಾಟಕದಲ್ಲಿ ಅಷ್ಟು ಹೊತ್ತು ಯಾರಾದರೂ ಸುಮ್ಮನೆ ನಿಂತರೆ ಮರೆತಿದ್ದಾನೆ ಎಂದೇ ಅರ್ಥ. ನಾನು ಪಾಪ ಎಂದುಕೊಂಡು ಸಾಲು ಹೇಳಿಕೊಟ್ಟೆ. ದೊರೆ ಪುಸ್ತಕವನ್ನು ನನ್ನ ಕೈಯಿಂದ ಕಿತ್ತುಕೊಂಡರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ, "ನಾನು ಕೇಳದೆ ನೀವು ಬಾಯಿ ತೆರೆಯಬಾರದು. ಎಷ್ಟು ಸಲ ಹೇಳಬೇಕು ನಿಮಗೆ?"

ನನ್ನ ಅಪ್ಪನೂ ನನ್ನನ್ನು ಹಾಗೆ ಗದರಿದವರಲ್ಲ. ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ. ನಾಲ್ಕು ದಿನ ಆ ಕಡೆ ತಲೆ ಹಾಕಲಿಲ್ಲ, ಶನಿವಾರದ ದೋಸೆಯೂ ಇಲ್ಲ. ಗಂಡ, "ಖಲ್ಲಿವಲ್ಲಿ, ಬಿಡು ಮಾರಾಯ್ತಿ, ಪ್ರಾಯ ಆದವರು" ಎಂದರೂ ನಾನು ಬಿಡಲಿಲ್ಲ. ಐದನೇ ದಿನ ದೊರೆ ತಾವೇ ಬಂದು ಬಾಗಿಲಲ್ಲಿ ನಿಂತರು, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಪುಸ್ತಕ. ಕ್ಷಮೆ ಕೇಳಿದರು. ಒಂದು ಸನ್ನೆ ಮಾಡಿಕೊಳ್ಳೋಣ ಎಂದರು. ಮರೆತುಹೋದರೆ ತಾವು ಎಡಗಿವಿ ಮುಟ್ಟಿಕೊಳ್ಳುತ್ತಾರೆ, ಆಗ ನಾನು ಸಾಲು ಹೇಳಬೇಕು. ಮುಟ್ಟದಿದ್ದರೆ ಆಕಾಶ ಕಳಚಿ ಬಿದ್ದರೂ ಸುಮ್ಮನಿರಬೇಕು. ನಾನು ಆಗಲಿ ಎಂದೆ. ಒಳಗೆ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಇದನ್ನು ಈಗ ಹೇಳಲೇಬೇಕು.

ಆ ದಿನಗಳಲ್ಲಿ ಕೆಲವು ಸಂಗತಿಗಳನ್ನು ನಾನು ನೋಡಿದ್ದೆ. ಒಂದು ದಿನ ಅವರು ತಮ್ಮ ಕೀಲಿಯನ್ನು ನಮ್ಮ ಬಾಗಿಲಿಗೆ ಹಾಕಿ ತಿರುಗಿಸುತ್ತಿದ್ದರು. ಇನ್ನೊಂದು ದಿನ ನಮ್ಮ ನಾತೂರನನ್ನು, ಹದಿನೈದು ವರ್ಷದಿಂದ ಬಿಲ್ಡಿಂಗ್ ನೋಡಿಕೊಳ್ಳುವ ಆ ಮಲಯಾಳಿಯನ್ನು, ನೀನು ಹೊಸಬನಾ ಎಂದು ಕೇಳಿದರಂತೆ. ವಯಸ್ಸಾಯಿತಲ್ಲ ಎಂದುಕೊಂಡೆ. ಪದ್ಯ ಮಾತ್ರ ನೀರಿನಂತೆ ಹರಿಯುತ್ತಿತ್ತು. ಅದು ಸರಿಯಿದ್ದರೆ ಎಲ್ಲ ಸರಿಯಿದೆ ಎಂದು ತಿಳಿದೆ.

ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ಪ್ರದರ್ಶನ. ಅರವತ್ತು ಜನ ಇದ್ದಿರಬಹುದು, ಟೀಚರುಗಳು, ಹಳೆಯ ವಿದ್ಯಾರ್ಥಿಗಳು, ಕುರ್ಚಿ ತುಂಬಲೆಂದು ನಾನು ಎಳೆದು ತಂದ ನಮ್ಮ ಊರಿನ ಎರಡು ಸಂಸಾರ. ನಾನು ಪರದೆಯ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸ್ಕೇಲ್ ಇಟ್ಟುಕೊಂಡು ಕೂತೆ. ಅವರು ಈಟಿ ಹಿಡಿದು ಒಂದು ನಿಮಿಷ ಸುಮ್ಮನೆ ನಿಂತರು, ಜನ ನಕ್ಕರು. ದೂತನಾಗಿ ಓಡಿ ಬಂದಾಗ ಹಾಲ್ ಗಪ್‌ಚಿಪ್. ಎಪ್ಪತ್ತು ದಾಟಿದ ಮನುಷ್ಯ ಹೇಗೆ ಓಡಿದರು ಎನ್ನುತ್ತೀರಿ... ನನಗೆ ನಿಜಕ್ಕೂ ಹೆಮ್ಮೆ ಎನಿಸಿತು. ಗಡ್ಡ ಅಂಟಿಸಿಕೊಂಡು ಸೇನಾಪತಿಯಾಗಿ ಬಂದರು. ಅರ್ಧ ಮಾತು ಮುಗಿಯಿತು. ಕತ್ತಿ ಕೆಳಗಿಟ್ಟರು. ನಿಂತರು.

ನಾನು ಎಣಿಸಿದೆ. ಐದಾಯಿತು. ಆರು, ಏಳು. ಅವರು ತಲೆ ತಿರುಗಿಸಿ ನನ್ನ ಕಡೆ ನೋಡಿದರು. ಎರಡೂ ಕೈ ಕೆಳಗೇ ಇದ್ದವು. ನನ್ನ ಬೆರಳು ಸಾಲಿನ ಮೇಲಿತ್ತು, ಸಾಲು ನಾಲಿಗೆಯ ಮೇಲಿತ್ತು. ಹತ್ತರ ಹೊತ್ತಿಗೆ ನನಗೆ ಗೊತ್ತಾಯಿತು, ಇದು ನಟನೆ ಅಲ್ಲ. ಗೊತ್ತಾಯಿತು ಎಂದು ಖಂಡಿತ ಹೇಳಬಲ್ಲೆ. ಆದರೆ ಕೇಳದೆ ಬಾಯಿ ತೆರೆಯಬಾರದು ಎಂದಿದ್ದರಲ್ಲ? ಕಿವಿ ಮುಟ್ಟಲಿ, ಹೇಳುತ್ತೇನೆ ಎಂದು ಕೂತೆ. ಹದಿನೈದು. ಇಪ್ಪತ್ತು. ಆಮೇಲೆ ಅವರು ಮಾತಿನ ಕೊನೆಯ ಎರಡು ಸಾಲು ಹೇಳಿ ತಲೆ ಬಾಗಿಸಿದರು. ನಡುವಿನ ಹತ್ತೊಂಬತ್ತು ಸಾಲು ನನ್ನ ಸ್ಕೇಲಿನ ಕೆಳಗೆ ಉಳಿಯಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಮೌನ ಎಂಥ ಮೌನ ಎಂದು ಒಬ್ಬರು ಟೀಚರ್ ಕಣ್ಣೊರೆಸಿಕೊಂಡರು. ಒಳಗೆ ಕನ್ನಡಿಯ ಮುಂದೆ ಗಡ್ಡ ಬಿಡಿಸುವಾಗ ಅವರು ಕನ್ನಡಿಯೊಳಗಿಂದ ನನ್ನನ್ನೇ ನೋಡುತ್ತಿದ್ದರು. ನಾನು ಪುಸ್ತಕ, ಸ್ಕೇಲ್ ಚೀಲಕ್ಕೆ ಹಾಕಿಕೊಂಡೆ. ನನ್ನ ಕಾರಿನಲ್ಲೇ ಮನೆಗೆ ಹೊರಟೆವು. ಸೇತುವೆ ದಾಟುವಾಗ ಅವರು ನಿಧಾನಕ್ಕೆ ಕೇಳಿದರು, ಸ್ವರದಲ್ಲಿ ಸಿಟ್ಟೇನೂ ಇರಲಿಲ್ಲ.

"ನೀವು ಯಾಕೆ ಹೇಳಿಕೊಡಲಿಲ್ಲ?"

"ನೀವು ಕಿವಿ ಮುಟ್ಲಿಲ್ಲ ಅಲ್ವಾ ಸರ್?"

ಅವರು ತಮ್ಮ ಕೈಯನ್ನೇ ನೋಡಿಕೊಂಡರು. "ಕಿವಿ..." ಎಂದರು. "ಏನೋ ಒಂದು ಮಾಡಬೇಕು ಎಂದು ಗೊತ್ತಿತ್ತು. ಏನು ಮಾಡಬೇಕು ಎಂದು ನೆನಪಾಗಲಿಲ್ಲ."

ಮುಂದಿನ ಸಿಗ್ನಲ್ ಹಸಿರಾಗಿತ್ತು. ನಾನು ಗಾಡಿ ಓಡಿಸಿದೆ. ಆಗ ಅತ್ತಿದ್ದರೆ ಒಳ್ಳೆಯದಿತ್ತೋ ಏನೋ. ಅಳು ಬರಲಿಲ್ಲ. ಮನೆಗೆ ಬಂದು ಅನ್ನಕ್ಕಿಟ್ಟೆ. ಮೂರು ವಾರದ ನಂತರ ಅವರು ಎರಡು ಸೂಟ್‌ಕೇಸ್ ಹಿಡಿದು ಹೊರಟರು. ಲಿಫ್ಟಿನ ಹತ್ತಿರ ನನ್ನ ಎರಡೂ ಕೈ ಹಿಡಿದುಕೊಂಡು, ನನ್ನ ಮಗಳ ಹೆಸರು ಹೇಳಿ, ಅವಳ ಅಮ್ಮನಿಗೆ ಥ್ಯಾಂಕ್ಸ್ ಹೇಳಿ ಎಂದರು. ಹೇಳುತ್ತೇನೆ ಎಂದೆ.

ಮರುವರ್ಷ ಅವರ ತಂಗಿಯ ಮಗಳ ಇಮೇಲ್ ಬಂತು. ವೃದ್ಧರ ಆಶ್ರಮವೊಂದರಲ್ಲಿ ತೀರಿಕೊಂಡರಂತೆ. ಅಂತ್ಯಕ್ರಿಯೆಯಲ್ಲಿ ಅವರ ಬಗ್ಗೆ ಎರಡು ಮಾತಾಡಬೇಕು, ಅದಕ್ಕೆ ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು ಎಂದು ಆಕೆ ಬರೆದಿದ್ದಳು. ಬಹ್ರೇನಿನಲ್ಲಿ ಸೇನಾಪತಿಯ ಮಾತನ್ನು ಒಂದು ಶಬ್ದ ಬಿಡದೆ ಪೂರ್ತಿ ಹೇಳಿದೆ ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು, ಅದು ನಿಜವಾ? ಪುಸ್ತಕ ಹಿಡಿದು ಕೂತವರು ನೀವೇ ಎಂದೂ ಹೇಳಿದ್ದರು.

ಆಫೀಸಿನಲ್ಲಿದ್ದೆ. ಎದುರಿಗೆ ಸಿಮೆಂಟಿನ ಹಡಗಿನ ಕಾಗದಗಳು ಹರಡಿದ್ದವು. ಹೌದು, ಒಂದು ಶಬ್ದವೂ ತಪ್ಪಲಿಲ್ಲ ಎಂದು ಬರೆದು ಕಳಿಸಿದೆ. ಆಮೇಲೆ ಸಿಮೆಂಟಿನ ಕಾಗದ ನೋಡಿದೆ.

ಈಗ ಎದುರುಮನೆಯಲ್ಲಿ ಫಿಲಿಪ್ಪೀನ್ಸಿನ ಇಬ್ಬರು ನರ್ಸುಗಳಿದ್ದಾರೆ. ಒಳ್ಳೆಯ ಹುಡುಗಿಯರು, ಮೆಟ್ಟಿಲಲ್ಲಿ ಸಿಕ್ಕಿದರೆ ನಗುತ್ತಾರೆ. ದೊರೆ ಆ ಸುಳ್ಳನ್ನು ತಿಳಿದೇ ಹೇಳಿದರೋ, ಅಥವಾ ನಿಜಕ್ಕೂ ಪೂರ್ತಿ ಹೇಳಿದೆ ಎಂದೇ ನಂಬಿದ್ದರೋ ನನಗೆ ಗೊತ್ತಿಲ್ಲ. ನಂಬಿದ್ದರೆ ಒಳ್ಳೆಯದಾಯಿತು. ನನಗೆ ಮಾತ್ರ ಎಲ್ಲ ನೆನಪಿದೆ. ಇಪ್ಪತ್ತರವರೆಗೆ ಎಣಿಸಿದೆ, ಹತ್ತಕ್ಕೇ ಗೊತ್ತಾಗಿತ್ತು.