ಬಾವಿಗಿಳಿಯುವ ಹಗ್ಗ

ನೆನೆಹಾಕಿದ ತೆಂಗಿನಕಾಯಿ ಮಟ್ಟೆಯ ವಾಸನೆ ಒಮ್ಮೆ ಸೀರೆಗೆ ಹತ್ತಿತೆಂದರೆ ಎರಡು ಒಗೆತಕ್ಕೂ ಬಿಡುವುದಿಲ್ಲ. ಕಡೂರಿನ ಬಸ್ಸಿನಲ್ಲಿ ನಾನು ಕೂತರೆ ಪಕ್ಕದವರು ಮೆಲ್ಲಗೆ ಸರಿದು ಜಾಗ ಬಿಡುತ್ತಿದ್ದರು; ಆ ಕಸುಬು ನಮಗೆ ಕೊಟ್ಟ ಸವಲತ್ತು ಅದೊಂದೇ ಎಂದು ನಗುತ್ತಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ವರ್ಷಗಳಲ್ಲಿ, ಊರ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ, ನಾವು ಒಂಬತ್ತು ಹೆಂಗಸರು ಮಟ್ಟೆ ಬಡಿದು, ನಾರು ಬಿಡಿಸಿ, ರಾಟೆಯಲ್ಲಿ ಹುರಿ ತೆಗೆದು ಹಗ್ಗ ಹೊಸೆಯುತ್ತಿದ್ದೆವು.

ಶೆಡ್ಡು ಪಾರ್ವತಕ್ಕನವರದು. ತೆಂಗಿನಕಾಯಿ ವ್ಯಾಪಾರದ ಮನೆಯ ಸೊಸೆ. ಗಂಡ ತೀರಿಕೊಂಡ ಮೇಲೆ ಮೈದುನರು ಕಾಯನ್ನು ತಾವಿಟ್ಟುಕೊಂಡು ಮಟ್ಟೆಯನ್ನು ಇವರಿಗೆ ಬಿಟ್ಟರು. ಮಟ್ಟೆಯಿಂದಲೇ ಒಂದು ಮಟ್ಟಕ್ಕೆ ಬಂದು ತೋರಿಸುತ್ತೇನೆಂದು ಅವರು ಹೂಡಿದ ಹಟವೇ ಆ ಶೆಡ್ಡು. ದಿನಾ ಬೆಳಿಗ್ಗೆ ರಾಟೆ ತಿರುಗುವ ಮೊದಲು ಒಂದೇ ಮಾತು ಹೇಳುತ್ತಿದ್ದರು: “ನಮ್ ಹಗ್ಗ ಹಿಡ್ದೋರು ಭಯ ಬೀಳ್ಬಾರ್ದು ಕಣ್ರೇ.”

ನಾವೆಲ್ಲ ತಲೆಯಾಡಿಸುತ್ತಿದ್ದೆವು. ಆದರೆ ನೋಡಿ, ಒಂದೇ ಮಾತನ್ನು ಒಂಬತ್ತು ಮಂದಿ ಕೇಳಿದರೆ ಅದು ಒಂಬತ್ತು ಮಾತಾಗುತ್ತದೆ. ನಾಗಮ್ಮನಿಗೆ ಅದರ ಅರ್ಥ ಹಗ್ಗ ದಪ್ಪಗಿರಬೇಕು ಎಂದು. ಸಿದ್ದಮ್ಮನಿಗೆ, ಹೇಳಿದ ದಿನಕ್ಕೆ ಹೇಳಿದಷ್ಟು ಮುಗಿಯಬೇಕು ಎಂದು. ನನಗೋ, ಎಲ್ಲೂ ಗಂಟು ಕಾಣದೆ ನುಣ್ಣಗಿರಬೇಕು ಎಂದು. ನಮ್ಮ ಮೂವರ ಹುರಿಗಳು ಸೇರಿ ಒಂದು ಹಗ್ಗವಾಗುತ್ತಿತ್ತು. ಕೆಲಸದ ನಡುವೆ ಯಾರದಾದರೂ ಹುರಿ ತುಂಡಾಗುವುದು ಸಹಜ. ಆಗ ರಾಟೆ ನಿಲ್ಲಿಸಿ, ಮೊಳದುದ್ದ ನಾರನ್ನು ಒಂದರೊಳಗೊಂದು ಬೆಸೆದು ಮತ್ತೆ ಹುರಿ ಕೊಡಬೇಕು. ನಿಲ್ಲಿಸಿದರೆ ಎಲ್ಲರ ಕಣ್ಣೂ ನಮ್ಮ ಮೇಲೆ. ಅದಕ್ಕೆ ನಾನು ಗೇಣುದ್ದ ಬೆಸೆದು, ಒದ್ದೆ ಅಂಗೈಯಲ್ಲಿ ತೀಡಿ, ಏನೂ ಆಗದವಳಂತೆ ಮುಂದೆ ಸಾಗಿಸುತ್ತಿದ್ದೆ. ಉಳಿದಿಬ್ಬರೂ ಹಾಗೇ ಮಾಡುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಎಮ್ಮೆದೊಡ್ಡಿ ಕಡೆಯ ಹಳ್ಳಿಯೊಂದರಿಂದ ಕೆಂಚಮ್ಮ ಎಂಬಾಕೆ ಬಂದಳು. ಅವಳ ಗಂಡ ತಿಮ್ಮಣ್ಣ ಬಾವಿಗಳ ಹೂಳು ತೆಗೆಯುವವನು. ಅವನನ್ನು ಬಾವಿಗೆ ಇಳಿಸುವಾಗ ಹಗ್ಗ ಹರಿದಿತ್ತು. ತಳದಲ್ಲಿ ಕೆಸರಿದ್ದುದರಿಂದ ಜೀವ ಉಳಿಯಿತು, ಕಾಲು ಮುರಿಯಿತು. ಕೆಂಚಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಹರಿದ ತುಂಡನ್ನು ನಮ್ಮ ಮುಂದಿಟ್ಟು, “ನಿಮ್ದೇ ಅಲ್ವಾ, ನೋಡ್ಕಳ್ರವ್ವ” ಎಂದಷ್ಟೇ ಹೇಳಿ ಹೋದಳು.

ಪಾರ್ವತಕ್ಕ ನೆಲದ ಮೇಲೆ ಕೂತು ಆ ತುದಿಯನ್ನು ಬಿಚ್ಚಿದರು. ಮೂರು ಹುರಿ, ಮೂರು ಗಿಡ್ಡ ಬೆಸುಗೆ, ಒಂದರ ಪಕ್ಕಕ್ಕೊಂದು.

“ಗಿಡ್ಡ ಬೆಸುಗೆ ಒಂದೇ ಆಗಿದ್ರೆ ಮಿಕ್ಕೆರಡು ಹುರಿ ತಡ್ಕತಿದ್ವು” ಎಂದರು. “ಮೂರೂ ಒಂದೇ ಕಡೆ ಬಂದೈತೆ. ಒಬ್ರಿಗೊಬ್ರು ಹೇಳಿದ್ರೆ ಬತ್ತಿರ್ಲಿಲ್ಲ.”

“ಒಂದು ನಂದು, ಅಕ್ಕ” ಎಂದೆ.

ನಾಗಮ್ಮ, “ನಂದೂ ಹೌದು” ಎಂದಳು. ಸಿದ್ದಮ್ಮ ತಲೆ ತಗ್ಗಿಸಿದಳು.

“ತಪ್ಪು ನಂದೂ ಐತೆ” ಎಂದರು ಪಾರ್ವತಕ್ಕ. “ದಿನಾ ಮಾತು ಹೇಳ್ದೆ. ಆದ್ರೆ ಹರಿದಾಗ ರಾಟೆ ನಿಲ್ಸಿದೋಳ್ನ ಗದರ್ತಾ ಇದ್ದೆ. ನೀವು ಮುಚ್ಚಿಡೋದು ಕಲ್ತಿದ್ದು ನನ್ನಿಂದ್ಲೇ.”

ಮರುದಿನದಿಂದ ಹೊಸ ಕಟ್ಟಳೆ. ಯಾರ ಹುರಿ ತುಂಡಾದರೂ “ಹರೀತು” ಎಂದು ಗಟ್ಟಿಯಾಗಿ ಕೂಗಬೇಕು. ಮೂವರೂ ನಿಲ್ಲಬೇಕು. ಬೆಸುಗೆ ಹಗ್ಗದ ಎಷ್ಟನೆಯ ಮಾರಿನಲ್ಲಿ ಬಂತೆಂದು ಮೂವರಿಗೂ ತಿಳಿದಿರಬೇಕು. ಅದರ ಹತ್ತಿರ ಇನ್ನೊಂದು ಬರಕೂಡದು. ಕೇಳಲು ಸುಲಭ. ಆದರೆ ತನ್ನ ಸೋಲನ್ನು ತಾನೇ ಕೂಗಿ ಹೇಳುವುದಕ್ಕೆ ಗಂಟಲು ಒಪ್ಪಬೇಕಲ್ಲ. ಮೊದಮೊದಲು ನಾವು ಪಿಸುಗುಟ್ಟಿದೆವು. ಕೆಲಸ ಅರ್ಧಕ್ಕಿಳಿಯಿತು. ಪೇಟೆಗೆ ನೈಲಾನ್ ಹಗ್ಗ ಬರುತ್ತಿದ್ದ ಕಾಲ ಅದು. ತರೀಕೆರೆಯ ಅಂಗಡಿಯೊಂದು ನಮ್ಮನ್ನು ಬಿಟ್ಟು ಅತ್ತ ತಿರುಗಿತು.

“ಹಿಂಗೆ ನಿಂತ್ಕಂತಾ ಹೋದ್ರೆ ಶೆಡ್ಡಿಗೆ ಬೀಗ ಹಾಕ್ಬೇಕಾಯ್ತದೆ ಅಕ್ಕ” ಎಂದಳು ಸಿದ್ದಮ್ಮ.

“ಹಾಕಣ. ಇನ್ನೊಬ್ಬ ಬೀಳೋದಕ್ಕಿಂತ ಬೀಗ ವಾಸಿ.”

ಹಾಗೆಂದು ಪಾರ್ವತಕ್ಕ ತಾವೇ ಒಂದು ರಾಟೆಗೆ ಕೂತರು. ರೂಢಿ ತಪ್ಪಿದ ಕೈ; ಗಳಿಗೆಗೊಮ್ಮೆ ಹುರಿ ತುಂಡಾಗುತ್ತಿತ್ತು. ಪ್ರತಿ ಸಲವೂ ರಸ್ತೆಗೆ ಕೇಳುವಂತೆ, “ಹರೀತು ಕಣ್ರೇ, ನಂದು” ಎಂದು ಕೂಗುತ್ತಿದ್ದರು. ಆರನೆಯದೋ ಏಳನೆಯದೋ ಸಲಕ್ಕೆ ಸಿದ್ದಮ್ಮನೇ ಮೊದಲು ನಕ್ಕಳು. ಅಂದು ಸಂಜೆಯೊಳಗೆ ಅವಳ ಗಂಟಲೂ ತೆರೆದಿತ್ತು.

ಒಂದು ತಿಂಗಳಾದ ಮೇಲೆ ಪಾರ್ವತಕ್ಕ ಮತ್ತು ನಾವು ಮೂವರು ಹೊಸ ಹಗ್ಗ ಹೊತ್ತು ತಿಮ್ಮಣ್ಣನ ಹಳ್ಳಿಗೆ ಹೋದೆವು. ಹೂಳೆತ್ತುವ ಕೆಲಸ ಅರ್ಧಕ್ಕೇ ನಿಂತಿತ್ತು. ತಿಮ್ಮಣ್ಣ ಕಾಲಿಗೆ ಕಟ್ಟು ಹಾಕಿಸಿಕೊಂಡು ಬಾವಿಯ ಬಳಿ ಕಲ್ಲಿನ ಮೇಲೆ ಕೂತಿದ್ದ. ಅವನ ತಮ್ಮ ಹನುಮಣ್ಣ ಹಗ್ಗವನ್ನು ನೋಡಿ ಹಿಂದೆ ಸರಿದ. “ಬ್ಯಾಡ ಕಣಮ್ಮ. ನಿಮ್ ಹಗ್ಗದ ಸವಾಸ ಸಾಕು.”

ಪಾರ್ವತಕ್ಕ ತಾವೇ ಇಳಿಯಲು ಸೆರಗು ಬಿಗಿಯತೊಡಗಿದರು. ನಾನು ಅವರ ಕೈ ಹಿಡಿದೆ. “ನಾನ್ ಇಳೀತೀನಿ ಅಕ್ಕ. ಬೆಸುಗೆ ನಂದು.”

ಬಾವಿಯೊಳಗೆ ತಣ್ಣಗಿತ್ತು. ಮೇಲೆ ಗಡಗಡೆ ಕಿರುಗುಟ್ಟುತ್ತಿತ್ತು; ಆಕಾಶ ತಟ್ಟೆಯಷ್ಟಾಯಿತು. ಧೈರ್ಯವಂತೆ ಎಂದು ಹೇಳಿಕೊಳ್ಳಲಾರೆ. ಆದರೆ ಎಷ್ಟನೆಯ ಮಾರಿನಲ್ಲಿ ನಾಗಮ್ಮನ ಬೆಸುಗೆ, ಎಷ್ಟನೆಯದರಲ್ಲಿ ಸಿದ್ದಮ್ಮನದು, ಎಲ್ಲಿ ನನ್ನದು, ಎಲ್ಲವೂ ನನಗೆ ಗೊತ್ತಿತ್ತು. ಮಾರು ಎಣಿಸುತ್ತಾ, ಒಂದೊಂದೂ ಗಡಗಡೆಯ ಮೇಲೆ ಹಾಯ್ದಾಗ ಮನಸ್ಸಿನಲ್ಲೇ ಹೆಸರಿಟ್ಟು ಕರೆದೆ. ನನ್ನದು ಹಾಯುವಾಗ ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಪಾದಕ್ಕೆ ಕೆಸರು ತಾಗಿತ್ತು.

ಮೇಲೆ ಬಂದಾಗ ತಿಮ್ಮಣ್ಣ ಹಗ್ಗವನ್ನು ತನ್ನತ್ತ ಎಳೆದುಕೊಂಡು ಮಾರುಮಾರಾಗಿ ಕೈಯಾಡಿಸಿದ. “ನನ್ ಕಾಲು ಮೊದ್ಲಿನಂಗೆ ಆಗಲ್ಲ ಕಣವ್ವ” ಎಂದ. ಆಮೇಲೆ ತಮ್ಮನ ಕಡೆ ತಿರುಗಿ, “ಇಳಿಯೋ” ಎಂದ.

ಆ ಬಾವಿಯ ಸುದ್ದಿ ಹಿಡಿದು ಅಜ್ಜಂಪುರ, ಶಿವನಿಗಳಿಂದ ಬಾವಿ ಕೆಲಸದವರು ಬಂದರು. ಮನೆಬಳಕೆಗೆ ನೈಲಾನ್ ಹಗ್ಗವೇ ಬಂತು. ಮನುಷ್ಯರನ್ನು ಇಳಿಸುವ ಹಗ್ಗ ಮಾತ್ರ ಬಹುಕಾಲ ನಮ್ಮದೇ ಆಗಿತ್ತು. ಪಾರ್ವತಕ್ಕ ಬೆಳಗಿನ ಆ ಮಾತನ್ನು ಮತ್ತೆ ಹೇಳಲಿಲ್ಲ. ಹೇಳಬೇಕಾಗಲಿಲ್ಲ. ಒಬ್ಬರ ಗುರಿ ಹಲವರದಾಗುವುದು ಹೇಗೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ತಿಮ್ಮಣ್ಣನ ಬಾವಿಯ ಬಳಿ ಕಳೆದ ಆ ದಿನದ ಉಳಿದ ಹೊತ್ತು: ಹನುಮಣ್ಣ ಕೆಳಗೆ ಹೂಳು ತುಂಬುತ್ತಿದ್ದ, ಊರವರು ಸೇದುತ್ತಿದ್ದರು, ನಮಗಿನ್ನು ಅಲ್ಲಿ ಕೆಲಸವಿರಲಿಲ್ಲ. ನಾವು ಹಿಡಿಯಬೇಕಿದ್ದ ಸಂಜೆಯ ಬಸ್ಸು ರಸ್ತೆಯಲ್ಲಿ ಹಾರ್ನ್ ಹಾಕಿತು. ನಾಲ್ವರಲ್ಲಿ ಒಬ್ಬರೂ ಅತ್ತ ತಿರುಗಲಿಲ್ಲ. ಹನುಮಣ್ಣ ಮೇಲೆ ಬಂದು ಕಟ್ಟೆಯ ಮೇಲೆ ಕಾಲಿಡುವವರೆಗೂ.