ಅಣ್ಣ ಬರೆದುಕೊಟ್ಟ ಪತ್ರ

ಕಟಿಂಗ್ ಅಕ್ಕನಿಗೆ ಆ ಹೊಲಿಗೆ ಅಂಗಡಿಯಲ್ಲಿ ಹದಿನೆಂಟು ವರ್ಷ. ಶಾಲಾ ಸಮವಸ್ತ್ರದ ಬಟ್ಟೆಯನ್ನು ಹದಿನಾರು ಪದರ ಜೋಡಿಸಿ ಕತ್ತರಿಯಿಟ್ಟರೆ ಒಂದು ನೂಲೂ ಆಚೀಚೆ ಆಗದು. ಅಂಥ ಕೈ! ಆದರೆ ಅಲ್ಲಿ ಹಾಜರಿ ಪುಸ್ತಕವಿಲ್ಲ, ರಜೆ ಚೀಟಿಯಿಲ್ಲ. ಮಾಲೀಕರನ್ನು ಎಲ್ಲರೂ ಅಣ್ಣ ಅಂತಲೇ ಕರೆಯಬೇಕು. "ಮನೇಲಿ ಯಾರಾದ್ರೂ ಹಾಜರಿ ಹಾಕ್ತಾರೇನಮ್ಮ?" ಅನ್ನುತ್ತಿದ್ದರು ಅವರು. ಹಾಜರಿಯೇ ಇಲ್ಲದ ಮೇಲೆ ರಜೆ ಎಲ್ಲಿಂದ ಬರಬೇಕು? ಮಗಳು ಜ್ವರದಲ್ಲಿ ಬೇಯುತ್ತಿದ್ದ ದಿನವೂ ಅಕ್ಕ ಕತ್ತರಿ ಹಿಡಿದೇ ಇದ್ದಳು. "ನಿಂಗೆ ಆ ಮನೆನೇ ಮನೆ ಬಿಡಮ್ಮ" ಎಂದು ಮಗಳು ಗೋಡೆ ಕಡೆ ತಿರುಗಿ ಮಲಗಿದ್ದಳು. 

ಅಷ್ಟರಲ್ಲಿ ಹೊಲಿಗೆ ತರಬೇತಿ ಕೇಂದ್ರಕ್ಕೆ ಕಲಿಸುವವರು ಬೇಕೆಂದು ಗೊತ್ತಾಯಿತು. ಸಂಜೆ ಐದಕ್ಕೆ ಮನೆಗೆ, ಭಾನುವಾರ ರಜೆ. ಇಷ್ಟು ವರ್ಷ ಕೆಲಸ ಮಾಡಿದ್ದಾಳೆಂದು ಮಾಲೀಕರಿಂದ ಒಂದು ಪತ್ರ ತಂದರೆ ಸಾಕು, ಶುಕ್ರವಾರದೊಳಗೆ.

ಪತ್ರ ಕೇಳಿದಾಗ ಅಣ್ಣನ ಕಣ್ಣು ತುಂಬಿ ಬಂತು. ನಾಟಕವಲ್ಲ, ಆ ಮನುಷ್ಯ ನಿಜಕ್ಕೂ ಅಳುತ್ತಾರೆ, ಅದೇ ದೊಡ್ಡ ತಾಪತ್ರಯ. ಬೈದಿದ್ದರೆ ನಾಲ್ಕು ಮಾತು ತಿರುಗಿಸಿ ಹೊರಟುಬಿಡಬಹುದಿತ್ತು!

"ಹೊರಟೇಬಿಟ್ಯಾ ತಂಗಿ? ಆಯ್ತು, ನಾನೇ ಬರ್ಕೊಡ್ತೀನಿ."

ಒಂದು ಗಂಟೆ ಕೂತು ಬರೆದು, ಲಕೋಟೆಗೆ ಅಂಟು ಹಚ್ಚಿ ಕೊಟ್ಟರು.

ಶುಕ್ರವಾರ ಮಧ್ಯಾಹ್ನ ಕೇಂದ್ರದ ಮೇಡಂ ಅದನ್ನು ಒಡೆದು ಗಟ್ಟಿಯಾಗಿ ಓದಿದರು. "ಇವಳು ನನಗೆ ಒಡಹುಟ್ಟಿದ ತಂಗಿಗಿಂತ ಹೆಚ್ಚು. ಹದಿನೆಂಟು ವರ್ಷ ಮನೆಮಗಳಾಗಿ ಅಂಗಡಿಗೆ ಒತ್ತಾಸೆಯಾಗಿ ನಿಂತಿದ್ದಾಳೆ. ಇವಳನ್ನು ನಾವು ಯಾವತ್ತೂ ಕೆಲಸದವಳು ಎಂದುಕೊಂಡಿಲ್ಲ."

ಮೇಡಂ ಕನ್ನಡಕ ತೆಗೆದರು. "ಅಣ್ಣನಿಗೆ ಕೈಜೋಡಿಸಿದ್ದನ್ನ ಅನುಭವ ಅಂತ ಬರ್ಕೊಳ್ಳೋಕಾಗಲ್ಲಮ್ಮ. ಕಟಿಂಗ್ ಕೆಲಸ ಮಾಡ್ತಿದ್ರಿ ಅಂತ ಬರೆಸ್ಕೊಂಡು ಬನ್ನಿ. ಐದರವರೆಗೂ ಇಲ್ಲೇ ಇರ್ತೀನಿ."

ಅಕ್ಕ ಎದ್ದೆನೋ ಬಿದ್ದೆನೋ ಎಂದು ಅಂಗಡಿಗೆ ಓಡಿಬಂದಳು. ಅಣ್ಣನ ಮುಖ ಬಾಡಿಹೋಯಿತು.

"ಕೆಲಸದವಳು ಅಂತ ನನ್ನ ಕೈಯಾರೆ ಬರೀಲಾ? ಆ ಪಾಪ ನನ್ನ ಕೈಲಿ ಮಾಡಿಸ್ಬೇಡ ತಂಗಿ, ನಿನ್ನ ಕಾಲಿಗೆ ಬೀಳ್ತೀನಿ." ಬಗ್ಗಿಯೇಬಿಟ್ಟರು.

ಹೊಲಿಯುವವರೆಲ್ಲ ಮಿಷನ್ ನಿಲ್ಲಿಸಿದರು. ಇವಳದೆಂಥ ಕಲ್ಲುಮನಸ್ಸಪ್ಪಾ ಎನ್ನುವ ಹಾಗೆ ಎಲ್ಲರ ಕಣ್ಣೂ ಅಕ್ಕನ ಮೇಲೆ.

"ಅಯ್ಯೋ, ಏಳಿ ಅಣ್ಣ" ಎಂದು ಅವಳೇ ಹಿಡಿದೆತ್ತಿದಳು.

ಆಗ ನಾಲ್ಕೂ ಮುಕ್ಕಾಲು. ಮೇಜಿನ ಮೇಲೆ ಹದಿನಾರು ಪದರ ಬಟ್ಟೆ ಗುರುತು ಹಾಕಿದ್ದು ಹಾಗೇ ಇತ್ತು. ಅಕ್ಕ ಕತ್ತರಿ ತೆಗೆದುಕೊಂಡಳು. ಆಗಲೂ ಆ ಹಾಳು ಕೈ ಗೆರೆ ತಪ್ಪಲಿಲ್ಲ. ಐದು ಹೊಡೆದಾಗ ಅಣ್ಣ ಎಲ್ಲರಿಗೂ ಟೀ ತರಿಸಿ, ಅವಳ ಲೋಟಕ್ಕೆ ತಾವೇ ಸಕ್ಕರೆ ಹಾಕಿ ಕಲಕಿಕೊಟ್ಟರು.