ಚಿನ್ನದ ಬಣ್ಣದ ತಂತಿ

ಎಂಬತ್ತರ ದಶಕದಲ್ಲಿ ನಾನು ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸ್ತಿದ್ದೆ. ಬನಶಂಕರಿಯ ಗಣೇಶೋತ್ಸವ ಸಮಿತಿ ಅಧ್ಯಕ್ಷರ ಕಣ್ಣಿಗೆ ನನ್ನ ತುಕ್ಕು ಹಿಡಿದ ತಂತಿಗಳು ಬಿದ್ದವು. "ಗಣಪತಿ ಮುಂದೆ ಇದೇನ್ರೀ?" ಅಂತ ಜಯನಗರದ ಅಂಗಡಿಗೆ ಎಳ್ಕೊಂಡು ಹೋದರು. ಸೀರೆ ಆರಿಸೋ ಹಾಗೆ ಬೆಳಕಿಗೆ ಹಿಡಿದು ನೋಡಿ, ಫಳಫಳ ಹೊಳೆಯೋ ಕಂಚಿನ ತಂತಿ ಆರಿಸಿದರು.

"ಸಾರ್, ಅದು ಕರೆಂಟಿಲ್ಲದ ಗಿಟಾರಿಗೆ. ಇದಕ್ಕೆ ಹಾಕಿದ್ರೆ ಸ್ಪೀಕರಲ್ಲಿ ಸದ್ದೇ ಸರಿಯಾಗಿ ಏಳಲ್ಲ."

"ಸೀರಿಯಲ್ ಸೆಟ್ ಬೆಳಕಲ್ಲಿ ಎದ್ದು ಕಾಣುತ್ತೆ, ಹಾಕ್ಕೊಳ್ರೀ."

ಹಾಕ್ಕೊಂಡೆ. ಬೆರಳಲ್ಲಿ ಬೊಬ್ಬೆ ಬರೋ ಹಾಗೆ ನುಡಿಸಿದರೂ ನನ್ನ ಗಿಟಾರು ನನಗೇ ಕೇಳಿಸಲಿಲ್ಲ. ಕೊನೆಗೆ ಅಧ್ಯಕ್ಷರು ವೇದಿಕೆ ಹತ್ತಿ, ನನಗೊಬ್ಬನಿಗೇ ಶಾಲು ಹೊದಿಸಿ, ಮೈಕಲ್ಲಿ ಹೇಳಿದರು: "ಹೋದ ವರ್ಷ ಇವರ ಗಿಟಾರಿಂದ ತಲೆನೋವು ಬಂದಿತ್ತು. ಈ ಸಲ ಎಷ್ಟು ಇಂಪಾಗಿತ್ತು!"

ಜನ ಚಪ್ಪಾಳೆ ಹೊಡೆದರು. ಅದು ಮಾತ್ರ ಚೆನ್ನಾಗಿ ಕೇಳಿಸಿತು.